ನಸುಕಿನ ಕೆನ್ರೊಕುಎನ್‌ನಲ್ಲಿ ಫೋಟೊ ತೆಗೆಯುವುದು ಹೇಗೆ?

ಜಪಾನಿನ ಕನಜಾವಾ ಊರಿನಲ್ಲಿರುವ ಕೆನ್ರೊಕುಎನ್ ಆ ದೇಶದ ಮೂರು ಹೆಸರಾಂತ ತೋಟಗಳಲ್ಲಿ ಒಂದು. ಹಗಲು ಹೊತ್ತು ಅಲ್ಲಿ ಜನಜಂಗುಳಿ. ಆದರೆ ಬೆಳಗಿನ ಜಾವ ಬಂದವರನ್ನು ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. ಫೋಟೊಗ್ರಫಿ ಕಲಿಯುವವರಿಗೆ ಈ ಹೊತ್ತು ನಿಜವಾಗಿಯೂ ದೊಡ್ಡ ವರ. ತೋಟ ಕಟ್ಟಿದವರು ಎಲ್ಲಿ ನಿಂತರೆ ಏನು ಕಾಣಬೇಕು ಎಂದು ಮೊದಲೇ ಯೋಚಿಸಿಟ್ಟಿದ್ದಾರೆ. ಆ ಜಾಗವನ್ನು ಹುಡುಕಿಕೊಳ್ಳುವುದೇ ನಮ್ಮ ಅಭ್ಯಾಸ.

ಸಮಯ ನೋಡಿಕೊಳ್ಳಿ

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಸುಕಿನ 4 ಗಂಟೆಗೇ ಪ್ರವೇಶ ಉಂಟು. ಜೂನ್‌ನಲ್ಲಿ ಅಲ್ಲಿ ನಾಲ್ಕೂವರೆ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ಹಾಗಾಗಿ ತಡ ಮಾಡಬೇಡಿ. ಆ ಹೊತ್ತಿಗೆ ಎಲ್ಲ ಬಾಗಿಲೂ ತೆರೆದಿರುವುದಿಲ್ಲ, ರೆಂಚಿಮೊನ್ ಬಾಗಿಲಿಗೆ ಹೋಗಿ. 7 ಗಂಟೆಗೆ ಟಿಕೆಟ್ ಶುರುವಾಗುತ್ತದೆ. ಅದಕ್ಕೆ 15 ನಿಮಿಷ ಮೊದಲೇ ಹೊರಗೆ ಬರಬೇಕು.

ಕ್ಯಾಮೆರಾ ತೆಗೆಯುವ ಮೊದಲು

ಕಸುಮಿಗಾಇಕೆ ಎಂಬ ದೊಡ್ಡ ಕೊಳದ ದಡಕ್ಕೆ ನಡೆಯಿರಿ. ಅಲ್ಲಿ ಎರಡು ಕಾಲಿನ ಕಲ್ಲಿನ ದೀಪ ಇದೆ. ಹೆಸರು ಕೊತೊಜಿ. ಒಂದು ಕಾಲು ನೀರಿನಲ್ಲಿ, ಇನ್ನೊಂದು ಗಿಡ್ಡ ಕಾಲು ದಡದ ಕಲ್ಲಿನ ಮೇಲೆ. ಪಕ್ಕದಲ್ಲೇ ಪುಟ್ಟ ಕಲ್ಲಿನ ಸೇತುವೆ. ಹಗಲಲ್ಲಿ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಕಾಯುತ್ತಿರುತ್ತಾರೆ. ಬೆಳಗಿನಲ್ಲಿ ಖಾಲಿ, ಅಲ್ವಾ? ಆದರೂ ತಕ್ಷಣ ಕ್ಲಿಕ್ ಮಾಡಬೇಡಿ. ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಮಂಡಿಯೂರಿ ಕೂತು ನೋಡಿ. ದೀಪದ ಹಿಂದೆ ಮರದ ಕೊಂಬೆ ಅಂಟಿಕೊಂಡಂತೆ ಕಂಡರೆ ಚಿತ್ರ ಗಜಿಬಿಜಿ. ದೀಪದ ಹಿಂದೆ ಬರೀ ನೀರು ಉಳಿಯುವ ಕೋನ ಸಿಕ್ಕಿದರೆ ಅದರ ಆಕಾರ ಎದ್ದು ಕಾಣುತ್ತದೆ.

ಬೆಳಕು, ಪಾಚಿ, ನೀರು

ಹೆಚ್ಚು ಜನ ಎಡವುವುದು ಇಲ್ಲೇ. ಕಡು ಹಸಿರು ಪಾಚಿ ಚೌಕಟ್ಟಿನ ತುಂಬ ಇದ್ದರೆ ಕ್ಯಾಮೆರಾ ಅದನ್ನು ಕತ್ತಲೆ ಎಂದುಕೊಂಡು ಬೆಳಕು ಜಾಸ್ತಿ ಎಳೆಯುತ್ತದೆ. ಪಾಚಿ ಪೇಲವವಾಗುತ್ತದೆ. ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಂಬ ಸೆಟ್ಟಿಂಗ್ ಅನ್ನು −0.7ಕ್ಕೆ ಇಳಿಸಿ. ಮೊಬೈಲ್ ಆದರೆ ಪಾಚಿಯ ಮೇಲೆ ಬೆರಳೊತ್ತಿ, ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಮೋಡ ಕವಿದಿದ್ದರೆ ಬೇಸರ ಬೇಡ. ಪಾಚಿಗೆ ಅದೇ ಒಳ್ಳೆಯ ಬೆಳಕು, ಮಳೆ ನಿಂತ ತಕ್ಷಣವಂತೂ ಇನ್ನೂ ಚೆನ್ನ.

ಪೋಲರೈಸರ್ ಫಿಲ್ಟರ್ ಇದ್ದರೆ ತನ್ನಿ. ಲೆನ್ಸಿನ ಮುಂದೆ ಅದನ್ನು ನಿಧಾನ ತಿರುಗಿಸಿ. ಒದ್ದೆ ಎಲೆಗಳ ಹೊಳಪು ಇಳಿದು ಹಸಿರು ಗಾಢವಾಗುತ್ತದೆ. ಆದರೆ ಅದೇ ಫಿಲ್ಟರ್ ನೀರಿನ ಮೇಲಿನ ಪ್ರತಿಬಿಂಬವನ್ನೂ ಅಳಿಸಬಲ್ಲದು. ಕೊತೊಜಿಯ ಪ್ರತಿಬಿಂಬ ಬೇಕೆಂದರೆ ಅದನ್ನು ತೆಗೆದಿಡಿ.

ಮಿದೊರಿತಾಕಿ ಎಂಬ ಜಲಪಾತದ ಎತ್ತರ ಸುಮಾರು 6.6 ಮೀಟರ್. ನೀರು ನೂಲಿನಂತೆ ಕಾಣಲು ಶಟರ್ ವೇಗ ಅರ್ಧ ಸೆಕೆಂಡ್ ಸಾಕು. ಅಷ್ಟು ಹೊತ್ತು ಕೈ ನಡುಗದೆ ಹಿಡಿಯುವುದು ಕಷ್ಟ. ಕ್ಯಾಮೆರಾ ನಿಲ್ಲಿಸಲು ಟ್ರೈಪಾಡ್ ಬೇಕು, ಆದರೆ ಜಪಾನಿನ ಹಲವು ತೋಟಗಳಲ್ಲಿ ಅದಕ್ಕೆ ನಿರ್ಬಂಧ ಇದೆ, ಮೊದಲು ಕೇಳಿಕೊಳ್ಳಿ.

ಒಳ್ಳೆಯ ಕೋನಕ್ಕಾಗಿ ಪಾಚಿ ತುಳಿಯಲೇಬೇಡಿ. ಅದು ಬೆಳೆಯಲು ವರ್ಷಗಳು ಬೇಕು. ಜಪಾನಿನ ಚಹಾ ಮನೆಗಳ ಸುತ್ತಲಿನ ತೋಟಗಳ ಹಾದಿಯಲ್ಲಿ ಕಪ್ಪು ಹಗ್ಗ ಕಟ್ಟಿದ ಪುಟ್ಟ ಕಲ್ಲು ಕಂಡರೆ ‘ಮುಂದೆ ಬರಬೇಡಿ’ ಎಂದರ್ಥ.

ಚಳಿಗಾಲಕ್ಕೆ ಹೋದರೆ

ನವೆಂಬರ್ 1ರಿಂದ ಪೈನ್ ಮರಗಳಿಗೆ ಯುಕಿತ್ಸುರಿ ಕಟ್ಟುತ್ತಾರೆ. ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ನಡುಗಂಬದ ತುದಿಯಿಂದ ಇಳಿಬಿಟ್ಟ ಹಗ್ಗಗಳು ಅವು. ಇಲ್ಲಿ ಲೆಕ್ಕ ಉಲ್ಟಾ. ಬಿಳಿ ಹಿಮ ಬೂದಿ ಬಣ್ಣಕ್ಕೆ ತಿರುಗದಿರಲು ಕಾಂಪೆನ್ಸೇಶನ್ ಅನ್ನು +1ಕ್ಕೆ ಏರಿಸಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.