ಸ್ಪೀಚ್ ರೆಕಗ್ನಿಷನ್‌ನಲ್ಲಿ ಪೋಸ್ಟ್‌ಡಾಕ್: ಅರ್ಜಿಗೆ ತಯಾರಾಗುವುದು ಹೇಗೆ?

ಥೀಸಿಸ್ ಸಲ್ಲಿಸಿದ ಮೇಲೆ ನೋಡೋಣ ಅಂದುಕೊಂಡರೆ ತಡವಾಯಿತೆಂದೇ ಅರ್ಥ. ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಹುಡುಕಾಟಕ್ಕೆ ಕನಿಷ್ಠ ಆರೇಳು ತಿಂಗಳು ಬೇಕು. ಅದರಲ್ಲೂ ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ವರ್ಷಕ್ಕೊಮ್ಮೆ ಮಾತ್ರ ಅರ್ಜಿ ಕರೆಯುತ್ತಾರೆ, ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿರುತ್ತದೆ. ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದವರು ಅದಕ್ಕೆ ಅರ್ಹರಲ್ಲ. ಅಲ್ಲಿ ನಿಮಗೆ ಮಾರ್ಗದರ್ಶಕರಾಗುವವರ ಒಪ್ಪಿಗೆಯೂ ಮೊದಲೇ ಬೇಕು, ಏಕೆಂದರೆ ಅರ್ಜಿಯನ್ನು ಅವರ ಜೊತೆ ಸೇರಿಯೇ ಬರೆಯಬೇಕು.

ಹಾಗಾಗಿ ಮೊದಲ ಕೆಲಸ, ಲ್ಯಾಬ್ ಹುಡುಕುವುದು. ಸ್ವಿಟ್ಜರ್ಲೆಂಡಿನ ಮಾರ್ಟಿನಿಯಲ್ಲಿರುವ ಇಡಿಯಾಪ್ ಸಂಶೋಧನಾ ಸಂಸ್ಥೆ, ಚೆಕ್ ದೇಶದ ಬರ್ನೊ ತಾಂತ್ರಿಕ ವಿಶ್ವವಿದ್ಯಾಲಯ, ಬ್ರಿಟನ್ನಿನ ಎಡಿನ್‌ಬರೊ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳು – ಸ್ಪೀಚ್ ರೆಕಗ್ನಿಷನ್‌ನಲ್ಲಿ, ಅಂದರೆ ಆಡಿದ ಮಾತನ್ನು ಯಂತ್ರದಿಂದ ಬರಹವಾಗಿಸುವ ವಿಷಯದಲ್ಲಿ, ದಶಕಗಳಿಂದ ಹೆಸರು ಮಾಡಿದ ಜಾಗಗಳು. ದೂರ ಹೋಗುವ ಮನಸ್ಸಿಲ್ಲದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿ ಮದ್ರಾಸ್‌ ಇವೆ. ಇಂಟರ್‌ಸ್ಪೀಚ್ ಮತ್ತು ಐಕ್ಯಾಸ್ಪ್ ಸಮ್ಮೇಳನಗಳ ಕಳೆದ ಎರಡು ವರ್ಷದ ಪ್ರಬಂಧಗಳನ್ನು ತಿರುವಿಹಾಕಿ. ನಿಮ್ಮ ಪ್ರಶ್ನೆಗೆ ಹತ್ತಿರ ಇರುವವರು ಯಾರೆಂದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ಸಂಶೋಧನಾ ಪ್ರಸ್ತಾವ. ಹೆಚ್ಚಿನವರು ಎಡವುವುದು ಇಲ್ಲಿ. ‘ಕಡಿಮೆ ಡೇಟಾ ಇರುವ ಭಾಷೆಗಳಿಗೆ ನ್ಯೂರಲ್ ನೆಟ್‌ವರ್ಕ್’ ಎಂದು ಎಲ್ಲರೂ ಬರೆಯುತ್ತಾರೆ. ನೀವು ಬರೆಯಲು ಕೂರುವ ಮುಂಚೆ ಯಂತ್ರ ಎಲ್ಲಿ ತಪ್ಪುತ್ತದೆಂದು ಕಿವಿಗೊಟ್ಟು ಕೇಳಿ. 2022ರಲ್ಲಿ ಬಂದ, ಮಾತನ್ನು ಬರಹವಾಗಿಸುವ ಓಪನ್‌ಎಐ ಕಂಪನಿಯ ವಿಸ್ಪರ್ ಮಾದರಿಯನ್ನು 6,80,000 ಗಂಟೆಗಳ ಧ್ವನಿಯಿಂದ ತರಬೇತುಗೊಳಿಸಿದ್ದಾರೆ. ಅದಕ್ಕೆ ನಿಮ್ಮ ಊರಿನ ಸಂತೆಯ ಮಾತನ್ನೋ ಅಜ್ಜಿಯ ಮಾತನ್ನೋ ಕೇಳಿಸಿ. (ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಕೇಳಿ, ಅಜ್ಜಿಯಾದರೂ ಸರಿ.) ಬಂದ ಬರಹವನ್ನು ಸಾಲುಸಾಲಾಗಿ ಧ್ವನಿಯ ಜೊತೆ ಹೋಲಿಸಿ.

ಕನ್ನಡದಲ್ಲಿ ಹೀಗೆ ಹೋಲಿಸಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸರಿಯುತ್ತರ ‘ಬರಬೇಕಾಗಿತ್ತು’ ಎಂದಿಟ್ಟುಕೊಳ್ಳಿ. ಯಂತ್ರ ‘ಬರಬೇಕು ಆಗಿತ್ತು’ ಎಂದು ಬಿಡಿಸಿ ಬರೆದರೆ ಓದುವವರಿಗೆ ಅರ್ಥದಲ್ಲಿ ಏನೂ ಕೆಡುವುದಿಲ್ಲ. ಆದರೆ ಪದ ದೋಷದ ಲೆಕ್ಕದಲ್ಲಿ (ಸರಿಯುತ್ತರದ ನೂರು ಪದಕ್ಕೆ ಎಷ್ಟು ತಪ್ಪು ಎಂಬ ಅಳತೆ) ಒಂದು ಪದ ಬದಲಾಗಿದೆ, ಇನ್ನೊಂದು ಹೆಚ್ಚಾಗಿ ಸೇರಿದೆ: ಒಂದು ಪದಕ್ಕೆ ಎರಡು ತಪ್ಪು, ಅಂದರೆ ಶೇ 200! ಇಂಗ್ಲಿಷಿಗೆ ಹೊಂದುವ ಅಳತೆಗೋಲು ಸಂಧಿ ಮಾಡುವ ಭಾಷೆಗೆ ಹೊಂದುವುದಿಲ್ಲ. ಅದೇ ಅಜ್ಜಿ ‘ಬರ್ಬೇಕಿತ್ತು’ ಅಂದಿದ್ದರೆ ಸರಿಯುತ್ತರ ಯಾವುದು, ಆಡಿದ ರೂಪವೋ ಗ್ರಂಥರೂಪವೋ? ಇಂಥ ಒಂದು ಪ್ರಶ್ನೆ ಹಿಡಿದು, ನಿಮ್ಮದೇ ನೂರು ಉದಾಹರಣೆ ಇಟ್ಟು ಎರಡು ಪುಟ ಬರೆಯಿರಿ. ಅಲ್ಲಿ ನಿಮ್ಮ ಭಾಷೆಯೇ ನಿಮ್ಮ ಬಲ, ಅದನ್ನು ಮುಚ್ಚಿಡಬೇಡಿ.

ಲ್ಯಾಬಿನ ಪ್ರಾಧ್ಯಾಪಕರಿಗೆ ಬರೆಯುವ ಮೇಲ್ ಚಿಕ್ಕದಿರಲಿ. ‘ರೆಸ್ಪೆಕ್ಟೆಡ್ ಸರ್’ ಎಂದು ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಓದಿದ ತಕ್ಷಣ ತಿಳಿಯುತ್ತದೆ. ಅವರ ಒಂದು ಪ್ರಬಂಧದ ಹೆಸರು, ಅದರ ಬಗ್ಗೆ ನಿಮಗೆ ಹುಟ್ಟಿದ ಪ್ರಶ್ನೆ, ಎರಡು ಪುಟದ ಪ್ರಸ್ತಾವ, ಸಿ.ವಿ., ಕೋಡ್ ಇರುವ ಕೊಂಡಿ – ಇಷ್ಟು ಸಾಕು. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಶಿಫಾರಸು ಪತ್ರಕ್ಕೆ ಗೈಡ್‌ಗೆ ಕನಿಷ್ಠ ಮೂರು ವಾರ ಸಮಯ ಕೊಡಿ.

ಸಂದರ್ಶನದಲ್ಲಿ ನಿಮ್ಮ ಪಿಎಚ್‌ಡಿ ಕೆಲಸದ ಬಗ್ಗೆ ಮಾತಾಡಲು ಹೇಳುತ್ತಾರೆ. ಫಲಿತಾಂಶದ ಕೋಷ್ಟಕ ತೋರಿಸುವ ಮುಂಚೆ ತಪ್ಪಾಗಿ ಬಂದ ಒಂದು ಧ್ವನಿ ತುಣುಕು ಕೇಳಿಸಿ, ಯಾಕೆ ತಪ್ಪಿತೆಂದು ವಿವರಿಸಿ.

ಆಮೇಲೆ ಕೇಳುವ ಸರದಿ ನಿಮ್ಮದು. ಸಂಬಳ ಎಷ್ಟು ಕಾಲಕ್ಕೆ ಖಚಿತ? ಲ್ಯಾಬಿನಲ್ಲಿ ಎಷ್ಟು ಜಿಪಿಯು (ಮಾದರಿಗಳ ತರಬೇತಿಗೆ ಬೇಕಾದ ಚಿಪ್) ಇವೆ, ಅವನ್ನು ಬಳಸಲು ಸರದಿ ಎಷ್ಟುದ್ದ? ಕಂಪನಿಯೊಂದರ ಹಣದಲ್ಲಿ ನಡೆಯುವ ಯೋಜನೆಯಾದರೆ, ಸಂಗ್ರಹಿಸಿದ ಧ್ವನಿಯನ್ನು ಎಲ್ಲರಿಗೂ ಮುಕ್ತವಾಗಿ ಬಿಡಬಹುದೇ? ಒಪ್ಪಿಗೆ ಕೊಡುವ ಮೊದಲು ಅದೇ ಲ್ಯಾಬಿನ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಜೊತೆ, ಪ್ರಾಧ್ಯಾಪಕರು ಇಲ್ಲದಾಗ, ಅರ್ಧ ಗಂಟೆ ಮಾತಾಡಿ.