ಹಿನ್ನೀರಿನ ದಡದಲ್ಲಿ ಬೇಸಿಗೆ ಶಿಬಿರ: ಇಳಿಯುವ ನೀರಿನ ಲೆಕ್ಕ

ಲಿಂಗನಮಕ್ಕಿ ಅಣೆಕಟ್ಟು ತುಂಬಿ ನಿಂತಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆದರೆ ಶಾಲೆಗೆ ರಜೆ ಸಿಕ್ಕಿ ಮಕ್ಕಳು, ಮನೆಮಂದಿ ಎಲ್ಲ ದೋಣಿ, ಈಜು ಎಂದು ಶರಾವತಿ ಹಿನ್ನೀರಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ಹೊತ್ತಿಗೆ ನೀರು ಎಷ್ಟೋ ಕೆಳಗೆ ಹೋಗಿರುತ್ತದೆ, ವಿದ್ಯುತ್ತಿಗೆ ಬಿಟ್ಟ ಹಾಗೆಲ್ಲ ಇನ್ನೂ ಇಳಿಯುತ್ತಲೇ ಇರುತ್ತದೆ. ಸಾಗರ ತಾಲ್ಲೂಕಿನ ಈ ದಡದಲ್ಲಿ ಶಿಬಿರ ನಡೆಸುವ ನಮಗೆ ಜೆಟ್ಟಿ, ಟೆಂಟು, ಶೌಚಾಲಯ, ಈಜುವ ಜಾಗ ಎಲ್ಲವನ್ನೂ ಎಲ್ಲಿ ಇಡಬೇಕು ಎಂಬುದು ತೀರ್ಮಾನವಾಗುವುದು ಇದರಿಂದಲೇ. ದಡ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ.

ಮೊದಲು ಇಳಿಜಾರು ನೋಡಿಕೊಳ್ಳಬೇಕು. ಇಪ್ಪತ್ತು ಅಡಿ ನಡೆದರೆ ಒಂದು ಅಡಿ ತಗ್ಗುವ ದಡದಲ್ಲಿ ನೀರು ಒಂದಡಿ ಇಳಿದರೆ ಅಂಚು ಇಪ್ಪತ್ತು ಅಡಿ ಹಿಂದೆ ಹೋಯಿತು. ಆರು ಅಡಿಗೆ ಒಂದಡಿ ತಗ್ಗುವ ಕಡೆ ಅದೇ ಒಂದಡಿಗೆ ಆರೇ ಅಡಿ. ಚಪ್ಪಟೆ ದಡ ಕಣ್ಣಿಗೆ ಚಂದ, ಮಕ್ಕಳಿಗೂ ಸುರಕ್ಷಿತ ಅನಿಸುತ್ತದೆ, ಆದರೆ ಅಲ್ಲಿ ವಾರ ಕಳೆಯುವುದರಲ್ಲಿ ಜೆಟ್ಟಿಗೂ ನೀರಿಗೂ ನಡುವೆ ಬರೀ ಕೆಸರು ಉಳಿಯುತ್ತದೆ. ಅದಕ್ಕೆ ದೋಣಿ ಕಟ್ಟಲು ಕಡಿದಾದ, ಜಂಬಿಟ್ಟಿಗೆಯ ಗಟ್ಟಿ ನೆಲವನ್ನೂ, ಈಜಿಗೆ ಅದರ ಪಕ್ಕದ ಹದವಾದ ಇಳಿಜಾರನ್ನೂ ಆರಿಸಿಕೊಳ್ಳುತ್ತೇವೆ. ಪ್ರತಿದಿನ ಬೆಳಿಗ್ಗೆ ನೀರಿನ ಅಂಚಿಗೆ ಒಂದು ಗೂಟ ಹೊಡೆದು ಬಿಟ್ಟರೆ ಇಳಿತದ ವೇಗ ತಾನೇ ತಿಳಿಯುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ಇದರ ಜೊತೆ ತಾಳೆ ನೋಡಿದರೆ ಮುಂದಿನ ವಾರ ಅಂಚು ಎಲ್ಲಿರಬಹುದು ಎಂದು ಸುಮಾರಾಗಿ ಹೇಳಬಹುದು.

ನೆಲದಲ್ಲಿ ಕಂಬ ಊರಿದ ಜೆಟ್ಟಿ ಇಲ್ಲಿ ಕೆಲಸಕ್ಕೆ ಬಾರದು, ತೇಲುವುದೇ ಆಗಬೇಕು. ನಾವು ಮಾಡಿಕೊಂಡಿರುವುದು ಹದಿನಾಲ್ಕು ಅಡಿ ಉದ್ದ, ಎಂಟು ಅಡಿ ಅಗಲದ ಜಿಐ ಪೈಪಿನ ಚೌಕಟ್ಟು. ಅದರ ಎರಡೂ ಬದಿಗೆ ನಾಲ್ಕು ನಾಲ್ಕರಂತೆ ಇನ್ನೂರು ಲೀಟರಿನ ಎಂಟು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಮೇಲೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಹಾಸು. ಒಂದು ಡ್ರಮ್ಮು ಪೂರ್ತಿ ಮುಳುಗಿದರೆ ಸುಮಾರು 200 ಕೆ.ಜಿ. ಎತ್ತುತ್ತದೆ, ಎಂಟಕ್ಕೆ 1600. ಚೌಕಟ್ಟು, ದಬ್ಬೆ, ಡ್ರಮ್ಮುಗಳ ತೂಕವೇ 270ರಷ್ಟು. ಹಾಗಾದರೆ ಹದಿನೈದು ಜನ ನಿಲ್ಲಬಹುದಲ್ಲ ಎಂದು ಲೆಕ್ಕ ಹಾಕಬಾರದು. ಡ್ರಮ್ಮು ಅರ್ಧಕ್ಕಿಂತ ಹೆಚ್ಚು ಮುಳುಗಿದ ಮೇಲೆ ನೀರಿನ ಮಟ್ಟದಲ್ಲಿ ಅದರ ಅಗಲ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಬಂದರೆ ಜೆಟ್ಟಿ ಥಟ್ಟನೆ ವಾಲುತ್ತದೆ. ಅರ್ಧ ಮುಳುಗುವಷ್ಟೇ ಭಾರ ಎಂದಿಟ್ಟುಕೊಂಡರೆ ಉಳಿಯುವುದು 530 ಕೆ.ಜಿ., ಅಂದರೆ ಏಳು ಜನ. ನಾವು ಆರಕ್ಕೆ ನಿಲ್ಲಿಸುತ್ತೇವೆ, ಆ ಅಂಕಿಯನ್ನು ದಬ್ಬೆಯ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆದಿದ್ದೇವೆ.

ಡ್ರಮ್ಮಿಗೆ ನೀರು ಹೊಗುವುದು ಹೆಚ್ಚಾಗಿ ಬಿರಡೆಯಿಂದ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸಡಿಲ ಬಿರಡೆಯಿಂದ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಅದೇ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ಜೆಟ್ಟಿಯ ಒಂದು ಮೂಲೆ ತಗ್ಗುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ರಬ್ಬರ್ ವಾಷರ್ ಹೊಸದು ಹಾಕಿ, ಬಿರಡೆಯ ತಿರುಪಿನ ಮರೆಗೆ ಟೆಫ್ಲಾನ್ ಟೇಪು ಸುತ್ತಿ, ತಂಪು ಹೊತ್ತಿನಲ್ಲಿ ಬಿಗಿದರೆ ಋತು ಪೂರ್ತಿ ತೊಂದರೆ ಇಲ್ಲ.

ಲಂಗರಿಗೆ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಕಾಂಕ್ರೀಟು ತುಂಬಿ ಕೊಂಡಿ ಕೂರಿಸುತ್ತೇವೆ. ಮೇಲೆ ಅದರ ತೂಕ 48 ಕೆ.ಜಿ., ನೀರೊಳಗೆ 28 ಮಾತ್ರ. ದಡದಲ್ಲಿ ಎತ್ತಿ ನೋಡಿ ಇಷ್ಟು ಭಾರ ಸಾಕು ಎಂದುಕೊಂಡವರ ಜೆಟ್ಟಿ ಮಧ್ಯಾಹ್ನದ ಗಾಳಿಗೆ ಜಾರುವುದು ಇದೇ ಕಾರಣಕ್ಕೆ. ನಾಲ್ಕು ಮೂಲೆಗೆ ನಾಲ್ಕು, ಗಾಳಿ ಬರುವ ಪಡುವಣ ಬದಿಗೆ ಎರಡು ಹೆಚ್ಚು. ಹಗ್ಗದ ಉದ್ದ ನೀರಿನ ಆಳದ ಮೂರು ಪಟ್ಟಾದರೂ ಬೇಕು. ನೀರು ಇಳಿದಂತೆ ಹಗ್ಗ ಸಡಿಲವಾಗುವುದರಿಂದ ಸಂಜೆಗೊಮ್ಮೆ ಬಿಗಿಯಲೇಬೇಕು. ಅದೇ ಹೊತ್ತಿಗೆ ಜೆಟ್ಟಿಯನ್ನು ಒಳಗೆ ತಳ್ಳಿ, ದಡದ ಕಡೆಯ ತುದಿಯಲ್ಲಿ ಕನಿಷ್ಠ ಎರಡೂವರೆ ಅಡಿ ನೀರು ಇರುವಂತೆ ನಿಲ್ಲಿಸಬೇಕು. ರಾತ್ರಿ ನೆಲ ಕಚ್ಚಿದರೆ ಒಂದು ತುದಿ ಕೆಸರಿನಲ್ಲಿ ಕೂತು ಇನ್ನೊಂದು ತೇಲುತ್ತಾ ಚೌಕಟ್ಟು ತಿರುಚಿಕೊಳ್ಳುತ್ತದೆ, ಮೊದಲು ಬೆಸುಗೆ ಬಿಡುವುದು ಮೂಲೆಯದು.

ನೀರು ಬಿಟ್ಟುಹೋದ ನೆಲವನ್ನು ನಂಬಬಾರದು. ಮೇಲೆ ಬಿರುಕುಬಿಟ್ಟು ಒಣಗಿದಂತೆ ಕಾಣುವ ಹೂಳಿನ ಪದರ ಎರಡು ಬೆರಳು ದಪ್ಪ, ಕೆಳಗೆ ಹಿಟ್ಟಿನಂಥ ಕೆಸರು. ಓಡುತ್ತಾ ಬಂದ ಮಗುವಿನ ಕಾಲು ಮೊಣಕಾಲಿನವರೆಗೆ ಹೋಗುತ್ತದೆ, ಎಳೆದಷ್ಟೂ ಕಚ್ಚಿಕೊಳ್ಳುತ್ತದೆ. ಕಾಲನ್ನು ನೇರ ಮೇಲಕ್ಕೆ ಜಗ್ಗದೆ, ಹಿಂದಕ್ಕೆ ಕೂತು ಪಾದವನ್ನು ಅತ್ತಿತ್ತ ಅಲ್ಲಾಡಿಸಿ ನೀರು ಒಳಗಿಳಿಯಲು ಬಿಟ್ಟರೆ ಸುಲಭವಾಗಿ ಬಿಡುತ್ತದೆ. ಟೆಂಟಿನಿಂದ ಜೆಟ್ಟಿಗೆ ದಬ್ಬೆ ಹಾಸಿದ ಒಂದೇ ದಾರಿ ಮಾಡಿ, ಎರಡೂ ಬದಿಗೆ ಹಗ್ಗ ಕಟ್ಟಿ, ಅದನ್ನು ಬಿಟ್ಟು ಯಾರೂ ಇಳಿಯಕೂಡದು ಎಂದು ಬಂದ ಕೂಡಲೇ ಹೇಳುತ್ತೇವೆ.

ಈಜುವ ಜಾಗದ ದೊಡ್ಡ ಅಪಾಯ ಆಳವಲ್ಲ, ಬೊಡ್ಡೆ. 1964ರಲ್ಲಿ ಅಣೆಕಟ್ಟು ಮುಗಿದು ಮುಳುಗಿದ ಕಾಡಿನ ಮರಗಳ ಬುಡ ಇನ್ನೂ ನೀರೊಳಗೆ ನಿಂತಿವೆ. ಹೋದ ವಾರ ಆಳದಲ್ಲಿದ್ದು ಯಾರಿಗೂ ತಾಗದ ಬೊಡ್ಡೆ ಈ ವಾರ ಸೊಂಟದ ನೀರಿನಲ್ಲಿ ಇರುತ್ತದೆ. ಅದರ ತುದಿ ಕೊಳೆತು ಮೊಳೆಯಂತೆ ಚೂಪಾಗಿರುತ್ತದೆ. ಆದ್ದರಿಂದ ಪ್ರತಿ ಬೆಳಿಗ್ಗೆ ಇಬ್ಬರು ಲೈಫ್ ಜಾಕೆಟ್ ಹಾಕಿಕೊಂಡು ಬಿದಿರ ಗಳದಿಂದ ಅಡಿಗೊಮ್ಮೆ ಚುಚ್ಚುತ್ತಾ ಇಡೀ ಜಾಗವನ್ನು ಸಾಲುಸಾಲಾಗಿ ನಡೆಯುತ್ತಾರೆ. ಸಿಕ್ಕ ಬೊಡ್ಡೆಗೆ ಕೆಂಪು ಕ್ಯಾನು ಕಟ್ಟುತ್ತೇವೆ, ಎರಡು ಮೂರು ಸಿಕ್ಕರೆ ಜಾಗವನ್ನೇ ಬದಲಿಸುತ್ತೇವೆ. ಹೊರಗಡಿಯ ಹಗ್ಗ ನಾಲ್ಕು ಅಡಿ ಆಳದಲ್ಲಿ, ಖಾಲಿ ಬಾಟಲಿಗಳ ಮೇಲೆ ತೇಲುವಂತೆ. ಎಂಟು ಮಕ್ಕಳಿಗೆ ದಡದಲ್ಲಿ ಒಬ್ಬರು, ಕೈಯಲ್ಲಿ ಹದಿನೈದು ಮೀಟರಿನ ಎಸೆಯುವ ಹಗ್ಗ, ಜೇಬಿನಲ್ಲಿ ಮೊಬೈಲ್ ಇರಕೂಡದು. ತಲೆ ಮುಂದಾಗಿ ಧುಮುಕುವುದು ಪೂರ್ತಿ ನಿಷಿದ್ಧ.

ಲೈಫ್ ಜಾಕೆಟ್ಟಿನ ವಿಚಾರಕ್ಕೆ ಬಂದರೆ, ಅಗ್ಗದ ಕಿತ್ತಳೆ ಬಣ್ಣದ್ದಕ್ಕೂ ಒಳ್ಳೆಯದಕ್ಕೂ ವ್ಯತ್ಯಾಸ ಒಳಗಿನ ಚೀಟಿಯಲ್ಲಿದೆ. ಐಎಸ್‌ಒ 12402-5 ಎಂದಿದ್ದರೆ ತೇಲಿಸುವ ಬಲ 50 ನ್ಯೂಟನ್ನಿನದು: ಈಜು ಬಲ್ಲವರಿಗೆ, ಹುಟ್ಟು ಹಾಕಲು ಅನುಕೂಲ. 12402-4 ಎಂದಿದ್ದರೆ 100 ನ್ಯೂಟನ್ನಿನದು. ಈಜು ಬಾರದವರಿಗೆ, ಮಕ್ಕಳಿಗೆ ಇದೇ ಬೇಕು. ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ, ಜಾಕೆಟ್ಟು ಗಲ್ಲ ದಾಟಿ ಬಂದರೆ ಅದು ನೀರಿನಲ್ಲಿ ತಲೆಯಿಂದ ಕಳಚಿಹೋಗುತ್ತದೆ. ಮಕ್ಕಳದಕ್ಕೆ ಕಾಲಸಂದಿಯ ಪಟ್ಟಿ ಇರಲೇಬೇಕು. ಜಾಕೆಟ್ಟನ್ನು ದಿಂಬು, ಆಸನ ಮಾಡಿಕೊಂಡರೆ ಒಳಗಿನ ಫೋಮು ಅಮುಕಿಹೋಗಿ ತೇಲುವ ಶಕ್ತಿ ಕುಂದುತ್ತದೆ. ಶಿಬಿರದಲ್ಲಿ ನಾವು ಏರುದನಿಯಲ್ಲಿ ಬೈಯುವುದಿದ್ದರೆ ಇದೊಂದಕ್ಕೆ.

ಕಯಾಕ್‌ಗಳಲ್ಲಿ ಮೇಲೆ ಕೂರುವ ಇಬ್ಬರ ಮಾದರಿಯೇ ಹೊಸಬರಿಗೆ ಸರಿ. ಮಗುಚಿದರೂ ಒಳಗೆ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಹಗುರದವರು ಮುಂದೆ, ಭಾರದವರು ಹಿಂದೆ. ಇಲ್ಲಿ ಕಯಾಕ್ ಹಾಳಾಗುವುದು ನೀರಿನಲ್ಲಲ್ಲ, ದಡದಲ್ಲಿ: ಮುಂದಿನ ಹಿಡಿ ಹಿಡಿದು ಜಂಬಿಟ್ಟಿಗೆ ಕಲ್ಲಿನ ಮೇಲೆ ದರದರ ಎಳೆಯುವುದರಿಂದ ಹಿಂದಿನ ತಳ ಸವೆದು ಕೂದಲೆಳೆಯ ಬಿರುಕು ಬೀಳುತ್ತದೆ. ಬೆಳಿಗ್ಗೆ ಒಂದು ತುದಿ ಎತ್ತಿ ಓಲಾಡಿಸಿದಾಗ ಒಳಗೆ ಗುಳುಗುಳು ಸದ್ದು ಬಂದರೆ ಆ ದಿನ ಅದನ್ನು ನೀರಿಗಿಳಿಸುವುದಿಲ್ಲ. ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಎಂ-ಸೀಲ್, ಅರಾಲ್ಡೈಟ್ ಯಾವುದೂ ಹಿಡಿಯದು, ಎರಡು ದಿನದಲ್ಲಿ ಹೊಪ್ಪಳಿಕೆ ಎದ್ದು ಬರುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕರಗಿಸಿ ಬೆಸೆಯಬೇಕು.

ದೋಣಿಯ ಹೊತ್ತು ಬೆಳಿಗ್ಗೆ ಆರೂವರೆಯಿಂದ ಹತ್ತು. ಆಗ ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುತ್ತದೆ, ಅಗಲವಾದ ಬಯಲು ನೀರಿನಲ್ಲಿ ಹೊಸಬರು ಹುಟ್ಟು ಹಾಕಿದಷ್ಟೂ ಹಿಂದಕ್ಕೇ ಹೋಗುತ್ತಾರೆ. ಯಾವ ಹೊತ್ತಿನಲ್ಲಾದರೂ ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿಯ ಜೊತೆ. ಏಪ್ರಿಲ್ ಕೊನೆಯಿಂದ ಸಂಜೆಯ ಗುಡುಗು ಮಳೆ ಶುರು. ಮೊದಲ ಗುಡುಗು ಕಿವಿಗೆ ಬಿದ್ದರೆ ಸಾಕು, ಎಲ್ಲರೂ ನೀರಿನಿಂದ ಮೇಲೆ. ಕೊನೆಯ ಗುಡುಗಾಗಿ ಅರ್ಧ ಗಂಟೆಯವರೆಗೆ ಇಳಿಯುವಂತಿಲ್ಲ. ನಡುಗಡ್ಡೆಗಳ ತುದಿಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲುವಂತೆಯೂ ಇಲ್ಲ. ಟೆಂಟು ಸಿಡಿಲನ್ನು ತಡೆಯುವುದಿಲ್ಲ, ಜನರನ್ನು ವಾಹನದೊಳಗೆ ಕೂರಿಸುತ್ತೇವೆ. ನೀರು ತೀರಾ ಇಳಿದ ವರ್ಷ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಎಲ್ಲರಿಗೂ ಅದನ್ನು ಹತ್ತುವ ಆಸೆ. ಗೋಡೆಗಳು ನೀರಿನ ಮಟ್ಟದಿಂದ ಗೇಣು ಕೆಳಗೆ ಕಾಣದಂತೆ ಇರುವುದರಿಂದ ದೂರದಿಂದ ಸುತ್ತುಹಾಕಿ ಬರುವುದಷ್ಟೇ ನಮ್ಮ ಪದ್ಧತಿ.

ಟೆಂಟಿನ ಜಾಗ ಆರಿಸುವುದು ಬೇಸಿಗೆಯಲ್ಲಿ ಎಲ್ಲಕ್ಕಿಂತ ಕಷ್ಟ. ಬಯಲಲ್ಲಿ ಹಾಕಿದರೆ ಎಂಟು ಗಂಟೆಗೆ ಒಳಗೆ ಕೂರಲಾಗದು, ಮರದಡಿ ಹಾಕಿದರೆ ಉಣುಗು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2019ರಲ್ಲಿ ಹಾವಳಿ ಇಟ್ಟದ್ದು ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ. ಅದರ ಕಾಲ ಡಿಸೆಂಬರಿನಿಂದ ಮೇ, ಸರಿಯಾಗಿ ಶಿಬಿರದ ಕಾಲ. ಕಾಡಿನಂಚಿನಲ್ಲಿ, ಬೆಳಗಿನ ನೆರಳು ಬೀಳುವಷ್ಟು ಹತ್ತಿರ ಆದರೆ ಕೊಂಬೆಯ ಕೆಳಗಲ್ಲದ ಜಾಗ ಹುಡುಕಿ, ಸುತ್ತ ಹತ್ತು ಅಡಿ ತರಗೆಲೆ ಗುಡಿಸಿ ತೆಗೆಯುತ್ತೇವೆ. ಎಳೆಯ ಉಣುಗು ಎಳ್ಳಿಗಿಂತ ಸಣ್ಣದು, ಕಪ್ಪು ಪ್ಯಾಂಟಿನ ಮೇಲೆ ಕಾಣುವುದೇ ಇಲ್ಲ. ತಿಳಿ ಬಣ್ಣದ ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ ಕಾಡಂಚಿಗೆ ಹೋಗಬೇಕು, ಬಂದವರು ಬಟ್ಟೆ ಬದಲಿಸಿ ಬಿಸಿನೀರು ಸೋಪಿನಲ್ಲಿ ತೊಳೆದುಕೊಳ್ಳಬೇಕು. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಕಡೆಯ ದಾರಿ ಮುಚ್ಚುತ್ತೇವೆ. ಊರಿಗೆ ಹೊರಡುವವರಿಗೆ ತಪ್ಪದೆ ಹೇಳುವ ಮಾತು: ಮುಂದಿನ ಎಂಟು ಹತ್ತು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಂಚಿನಲ್ಲಿ ಇದ್ದೆವು ಎಂದು ವೈದ್ಯರಿಗೆ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಹೇಳದೇ ಹೋದರೆ ಅದು ಯಾರ ತಲೆಗೂ ಹೊಳೆಯುವುದಿಲ್ಲ.

ಜಂಬಿಟ್ಟಿಗೆ ನೆಲಕ್ಕೆ ಟೆಂಟಿನ ಜೊತೆ ಬರುವ ತೆಳು ಮೊಳೆ ಇಳಿಯುವುದಿಲ್ಲ, ಬಾಗುತ್ತದೆ. ಹತ್ತು ಮಿಲಿಮೀಟರಿನ ಕಬ್ಬಿಣದ ಸರಳನ್ನು ಒಂದು ಅಡಿಗೆ ಕತ್ತರಿಸಿ ತುದಿ ಬಾಗಿಸಿ ಬಳಸಿ, ಅದೂ ಆಗದ ಕಡೆ ಮರಳು ಚೀಲ ಕಟ್ಟಿ.

ಶೌಚಾಲಯದ ಗುಂಡಿ ನೀರಿನಿಂದ ಇನ್ನೂರು ಅಡಿ ದೂರ ಇರಬೇಕು ಎನ್ನುತ್ತಾರೆ. ಯಾವ ನೀರಿನಿಂದ? ಈಗ ಕಾಣುವ ಅಂಚಿನಿಂದ ಅಳೆದರೆ ಗುಂಡಿ ಜಲಾಶಯದ ಹೊಟ್ಟೆಯಲ್ಲೇ ಇರುತ್ತದೆ, ಆಗಸ್ಟ್ ಹೊತ್ತಿಗೆ ಅದರಲ್ಲಿರುವುದೆಲ್ಲ ದಡದ ಊರುಗಳು ಬಳಸುವ ನೀರಿಗೆ ಸೇರುತ್ತದೆ. ಅಳೆಯಬೇಕಾದದ್ದು ತುಂಬಿದ ಮಟ್ಟದಿಂದ. ಅದನ್ನು ಗುರುತಿಸಲು ಉಪಕರಣ ಬೇಡ: ಬೋಳು ಕೆಂಪು ಪಟ್ಟಿ ಮುಗಿದು ಗಿಡಮರ ಶುರುವಾಗುವ ಗೆರೆಯೇ ಅದು. ಅಲ್ಲಿಂದ ಮೇಲೆ ಇನ್ನೂರು ಅಡಿ, ಮೂರು ಅಡಿ ಆಳದ ಗುಂಡಿ, ಪ್ರತಿ ಸಲ ಎರಡು ಹಿಡಿ ಬೂದಿ ಅಥವಾ ಗರಗಸದ ಹೊಟ್ಟು. ಸೋಪು, ಶಾಂಪೂ ಸ್ನಾನವೂ ಆ ಗೆರೆಯ ಮೇಲೆಯೇ, ಬಕೆಟ್ಟಿನಲ್ಲಿ. ದೂರ ಎಂದು ಎಲ್ಲರೂ ಗೊಣಗುತ್ತಾರೆ, ಗೊಣಗಲಿ. ತೆರೆದುಕೊಂಡ ನೆಲ ಕರ್ನಾಟಕ ವಿದ್ಯುತ್ ನಿಗಮದ್ದು, ಮೇಲಿನದು ಬಹಳ ಕಡೆ ಅರಣ್ಯ ಇಲಾಖೆಯದು. ಎರಡೂ ಕಡೆಯ ಲಿಖಿತ ಅನುಮತಿ ಇಲ್ಲದೆ ಒಂದು ಗೂಟವನ್ನೂ ಹೊಡೆಯುವುದಿಲ್ಲ.

ಕುಡಿಯಲು ತಲೆಗೆ ದಿನಕ್ಕೆ ಐದು ಲೀಟರು ಎಂದು ಹಿಡಿಯುತ್ತೇವೆ, ನಾಲ್ಕು ಜನಕ್ಕೆ ಒಂದು ಇಪ್ಪತ್ತು ಲೀಟರಿನ ಕ್ಯಾನು. ಅಡುಗೆಯ ನೀರು ಬೇರೆ. ಹಿನ್ನೀರನ್ನೇ ಬಳಸಬೇಕಾಗಿ ಬಂದರೆ ಪಂಚೆ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕೊತಕೊತ ಕುದಿಸಿ ಆರಿಸಬೇಕು. ಬಿಸಿಲಲ್ಲಿ ಹುಟ್ಟು ಹಾಕಿ ಬಂದವರಿಗೆ ಮುರುಗಲು ಸಿಪ್ಪೆ ನೆನೆಸಿ ಬೆಲ್ಲ, ಉಪ್ಪು ಹಾಕಿದ ಪಾನಕ, ಊಟಕ್ಕೆ ಅಪ್ಪೆಹುಳಿ. ಯಾರಾದರೂ ಸುಸ್ತಾಗಿ ತಲೆಸುತ್ತು ಎಂದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಒಲೆ ಗ್ಯಾಸಿನದು ಮಾತ್ರ, ಅದೂ ಬೋಳು ನೆಲದಲ್ಲಿ. ಏಪ್ರಿಲ್ ಕಾಡಿಗೆ ಒಂದು ಕಿಡಿ ಸಾಕು.

ಜೂನ್ ಮೊದಲ ವಾರದೊಳಗೆ ಎಲ್ಲವೂ ತುಂಬಿದ ಮಟ್ಟದ ಗೆರೆಯ ಮೇಲಕ್ಕೆ ಹೋಗಬೇಕು. ಕಾಂಕ್ರೀಟು ಬಕೆಟ್ಟುಗಳನ್ನು ನೀರು ಕಡಿಮೆ ಇರುವಾಗಲೇ ಎತ್ತಿಬಿಡುತ್ತೇವೆ, ಮಳೆ ಹಿಡಿದ ಮೇಲೆ ಅವು ಎಲ್ಲಿವೆ ಎಂದೇ ಸಿಗುವುದಿಲ್ಲ, ಮೀನು ಹಿಡಿಯುವವರ ಬಲೆ ಅವಕ್ಕೆ ಸಿಕ್ಕಿ ಹರಿಯುತ್ತದೆ. ಹಗ್ಗ, ಬಾಟಲಿ, ಬೊಡ್ಡೆಗೆ ಕಟ್ಟಿದ ಕೆಂಪು ಕ್ಯಾನು ಎಣಿಸಿ ತೆಗೆದು, ಗೂಟ ಕಿತ್ತು, ಶೌಚದ ಗುಂಡಿಗೆ ಒಂದೂವರೆ ಅಡಿ ಮಣ್ಣು ಮುಚ್ಚಿ ಮೇಲೆ ಕಲ್ಲು ಹೇರುತ್ತೇವೆ. ದಬ್ಬೆಗಳನ್ನು ಕಟ್ಟು ಕಟ್ಟಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲಿಟ್ಟರೆ ಗೆದ್ದಲು ಹತ್ತದೆ ಮುಂದಿನ ಬೇಸಿಗೆಗೂ ಬರುತ್ತವೆ.