ಮನೆ ಮೇಲಿನ ಮರ ಇಳಿಸುವ ಕೆಲಸ: ಸ್ವಂತಕ್ಕೆ ನಿಂತ ನನ್ನ ಅನುಭವ

ಮೂಡಿಗೆರೆ, ಸಕಲೇಶಪುರದ ಕಡೆ ಮರ ಹತ್ತುವವರು ಬೇಕಾದಷ್ಟು ಜನ ಇದ್ದಾರೆ. ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರೋದು) ಶುರುವಾದರೆ ಒಂದು ಬಿದಿರಿನ ಏಣಿ, ಒಂದು ಕತ್ತಿ, ಸೊಂಟಕ್ಕೊಂದು ಹಗ್ಗ ಇದ್ದರೆ ಕೆಲಸ ನಡೆಯುತ್ತೆ. ಅಂಥ ಊರಲ್ಲಿ ನಾನು ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿ), ರಾಟೆ, ಉದ್ದುದ್ದ ಹಗ್ಗ ಇಟ್ಟುಕೊಂಡು ಹೆಂಚಿನ ಮನೆ ಮೇಲೆ ವಾಲಿದ ಮರಗಳನ್ನು ತುಂಡು ತುಂಡಾಗಿ ಇಳಿಸುತ್ತೇನೆ ಅಂತ ಹೊರಟಾಗ ಯಾರೂ ನಂಬಲಿಲ್ಲ. "ನೀನು ಹಗ್ಗ ಕಟ್ಟಿ ಮುಗಿಸೋದ್ರೊಳಗೆ ನಾವು ಎರಡು ಮರ ಮಲಗಿಸಿರ್ತೀವಿ ಮಾರಾಯ" ಅಂದರು. ಈಗ ಲೈನ್ ಮನೆ (ತೋಟದ ಆಳುಗಳ ಸಾಲು ಮನೆ) ಪಕ್ಕದ ಮರ ಅಂದರೆ ಅವರೇ ನನ್ನ ನಂಬರ್ ಕೊಡುತ್ತಾರೆ. ಮೇ ತಿಂಗಳಲ್ಲಿ ಕರೆದರೆ ಎರಡು ವಾರ ಕಾಯಬೇಕು. ಅದಕ್ಕೇ ಬರೆಯೋಣ ಅನ್ನಿಸಿತು. ಗಂಟು ಹಾಕೋದು, ಮರ ಕೊಯ್ಯುವ ಮಿಷನ್ನಿನ ಚೈನಿಗೆ ಅರ ಹಾಕೋದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ನಾನು ಬೆಂಗಳೂರಿನಲ್ಲಿ ಗಾಜಿನ ಕಟ್ಟಡ ತೊಳೆಯುವ ಕೆಲಸದಲ್ಲಿದ್ದೆ. ದಿನವಿಡೀ ಹಗ್ಗದ ಮೇಲೇ ಬದುಕು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ಅಪ್ಪ ಮರಗಸಿ ಮಾಡುತ್ತಿದ್ದವರು. ಮರ ಅವರಿಂದ, ಹಗ್ಗ ಬೆಂಗಳೂರಿಂದ. ಎರಡೂ ಇದ್ದ ಕಾರಣಕ್ಕೆ ಧೈರ್ಯ ಮಾಡಿದೆ.

ಕೈಯಲ್ಲಿ ಹೆಚ್ಚುಕಮ್ಮಿ 40 ಸಾವಿರ ಇತ್ತು. ಮೇಲಿಂದ ಮುದ್ರಾ ಯೋಜನೆಯ ಶಿಶು ಸಾಲ, ಅದರ ಮಿತಿ 50 ಸಾವಿರ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಆಯ್ತು. ಬ್ಯಾಂಕಿನಲ್ಲಿ ಮಾತ್ರ "ಮರ ಕಡಿಯೋಕೆ ಸಾಲನಾ?" ಅಂತ ಮೂರ್ನಾಲ್ಕು ಸಲ ತಿರುಗಿಸಿದರು. ಹಳೇ ಕೆಲಸದ ಸರ್ಟಿಫಿಕೇಟು, ಸಾಮಾನಿನ ಕೊಟೇಶನ್ ಎರಡನ್ನೂ ಎದುರಿಗಿಟ್ಟ ಮೇಲೆ ಸಾಲ ಬಂತು.

ಎಲ್ಲರೂ ಹೇಳಿದ್ದು ಮೊದಲು ಮಿಷನ್ ತಗೋ ಅಂತ. ನಾನು ಮಿಷನ್ ಕೊನೆಗೆ ತಗೊಂಡೆ. ನೆಲದ ಮೇಲೆ ದಿಮ್ಮಿ ಕೊಯ್ಯಲು ಮಿಷನ್ ಸಮೇತ ಆಳು ದಿನಕ್ಕೆ ಒಂದೂವರೆ ಸಾವಿರಕ್ಕೆ ಸಿಗುತ್ತಿದ್ದ. ಮರದ ಮೇಲೆ ನನ್ನ ಜೀವ ಹಿಡಿಯುವ ಸಾಮಾನು ಬಾಡಿಗೆಗೆ ಎಲ್ಲೂ ಸಿಗಲ್ಲ. ಮರಕ್ಕೆಂದೇ ಮಾಡಿದ ಸೀಟ್ ಹಾರ್ನೆಸ್‌ಗೆ ಸುಮಾರು 28 ಸಾವಿರ ಬಿತ್ತು. ಕಟ್ಟಡದ ಕೆಲಸಕ್ಕೆ ಸಿಗುವ ಎರಡು ಸಾವಿರದ ಬೆಲ್ಟ್ ಬಿದ್ದವನನ್ನು ಹಿಡಿಯೋಕೆ ಸರಿ. ಅದರಲ್ಲಿ ಅರ್ಧ ಗಂಟೆ ಕೂತು ಕೊಯ್ಯಿರಿ, ತೊಡೆ ಮರಗಟ್ಟುತ್ತೆ. ಹತ್ತೋ ಹಗ್ಗ 45 ಮೀಟರ್, ಹದಿನೈದು ಸಾವಿರದ ಆಸುಪಾಸು. ಒಳಗೆ ಸ್ಟೀಲ್ ವೈರ್ ಇರುವ ಸೊಂಟದ ಹಗ್ಗ, ತಾನಾಗಿ ಲಾಕ್ ಆಗುವ ಲೋಹದ ಕೊಂಡಿ, ಅಂದರೆ ಕ್ಯಾರಬಿನರ್‌ಗಳು, ಹೆಲ್ಮೆಟ್, ರಾಟೆ ಸೇರಿ ಇನ್ನೊಂದು 20 ಸಾವಿರ. ಸಿಲ್ಕಿ ಕಂಪನಿಯ ಬಾಗಿದ ಕೈಗರಗಸಕ್ಕೆ ಆರೇಳು ಸಾವಿರ ಕೊಟ್ಟೆ ಅಂದಾಗ ಮನೆಯಲ್ಲೇ ಜಗಳ ಆಯ್ತು. ಮೊದಲ ವರ್ಷ ಮರದ ಮೇಲೆ ದುಡಿದದ್ದು ಅದೊಂದೇ. ತೋಳಿನ ದಪ್ಪದ ಕೊಂಬೆ ಅರ್ಧ ನಿಮಿಷದಲ್ಲಿ ಹೋಗುತ್ತೆ. ಪೆಟ್ರೋಲ್ ಬೇಡ, ಸದ್ದಿಲ್ಲ, ಕೆಳಗಿನವನು ಹೇಳಿದ್ದು ಕಿವಿಗೆ ಬೀಳುತ್ತೆ.

ಮಿಷನ್ ವಿಷಯ. ಏಳು ಸಾವಿರದ ಅಗ್ಗದ್ದು ಒಂದು ಬಂದಿತ್ತು, ಒಂದು ಸೀಸನ್ ಕೂಡ ಬಾಳಲಿಲ್ಲ. ಎಣ್ಣೆ ಪಂಪು ಕೆಟ್ಟು, ಚೈನ್ ಓಡುವ ಬಾರ್ ಕಾದು ನೀಲಿಗಟ್ಟಿತು. ಅದಾದ ಮೇಲೆ ನೆಲದ ಕೆಲಸಕ್ಕೆ ಸ್ಟಿಲ್ ಕಂಪನಿಯ ಎಂಎಸ್ 180, ಅದರ ಮುಂದಿನ ವರ್ಷ ಮರದ ಮೇಲೆ ಬಳಸೋಕೆ ಹಿಡಿ ಮೇಲ್ಗಡೆ ಇರುವ ಟಾಪ್ ಹ್ಯಾಂಡಲ್ ಮಿಷನ್. ಟಾಪ್ ಹ್ಯಾಂಡಲ್ ಒಂದೇ ಕೈಯಲ್ಲಿ ಹಿಡಿಯೋಕೆ ಆಸೆ ಹುಟ್ಟಿಸುತ್ತೆ. ಎಡಗೈಲಿ ಕೊಂಬೆ ಹಿಡಿದು ಬಲಗೈಲಿ ಕೊಯ್ದವರ ಎಡಗೈ ನೋಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಯಾರಿಗೂ ಅದಕ್ಕೆ ಅವಕಾಶ ಇಲ್ಲ. ಪೆಟ್ರೋಲ್ ಲೀಟರಿಗೆ 20 ಎಂಎಲ್ 2ಟಿ ಎಣ್ಣೆ, ಅದು ನಿಮಗೆ ಗೊತ್ತು. ಆದರೆ ಈಗ ಬರುವ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲನ್ನು ಮಳೆಗಾಲದಲ್ಲಿ ಟ್ಯಾಂಕಿನಲ್ಲೇ ಬಿಡಬೇಡಿ. ಎಥನಾಲ್ ನೀರು ಎಳೆದುಕೊಳ್ಳುತ್ತೆ, ಕಾರ್ಬುರೇಟರ್ ಬಿಚ್ಚಿಸಬೇಕಾಗುತ್ತೆ. ನಾನು ಸಂಜೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಒಳಗಿಡುತ್ತೇನೆ.

ಈ ನಡುವೆ ಚೈನಿಗೆ ಹೊಂಗೆ ಎಣ್ಣೆ ಹಾಕಿ ನೋಡಿದೆ. ಕೆರೆ ದಂಡೆಯ ಒಂದು ತೋಟದಲ್ಲಿ ಸುಟ್ಟ ಇಂಜಿನ್ ಆಯಿಲ್ ಬೇಡ ಅಂದಿದ್ದರು. ಚೈನ್ ಚೆನ್ನಾಗಿ ಓಡಿತು, ಬಾರ್ ತಣ್ಣಗಿತ್ತು. ತೊಂದರೆ ಅಂದರೆ ವಾರ ಬಿಟ್ಟು ತೆಗೆದರೆ ಚೈನ್ ಬಾರಿಗೆ ಅಂಟಿಕೊಂಡಿರುತ್ತೆ. ದಿನಾ ಕೆಲಸ ಇದ್ದರೆ ಹೊಂಗೆ, ಕೆಲಸ ನಿಲ್ಲುವ ದಿನ ಕೊನೆಗೆ ಸ್ವಲ್ಪ ಮಾಮೂಲಿ ಎಣ್ಣೆ ಓಡಿಸಿಡೋದು. ಹೀಗೆ ಎರಡು ವರ್ಷದಿಂದ ನಡೆಯುತ್ತಿದೆ. ಕೊಯ್ದ ಗಾಯಕ್ಕೆ ಬಳಿಯುವ ಬೋರ್ಡೋ ಪೇಸ್ಟಿನದ್ದೂ (ಮೈಲುತುತ್ತ, ಸುಣ್ಣದ್ದು) ಒಂದು ಪ್ರಯೋಗ ಮಾಡಿದೆ. ಒಂದೇ ಹಲಸಿನ ಮರದಲ್ಲಿ ಕೆಲವು ಗಾಯಕ್ಕೆ ಹಚ್ಚಿದೆ, ಕೆಲವನ್ನು ಹಾಗೇ ಬಿಟ್ಟೆ. ಎರಡೂ ಒಂದೇ ಥರ ಮುಚ್ಚಿಕೊಂಡವು. ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಕೊಯ್ದಿದ್ದರೆ ಮರವೇ ಗಾಯ ನೋಡಿಕೊಳ್ಳುತ್ತೆ. ಉಬ್ಬು ಹಾರಿಸಿ ಕೊಯ್ದರೆ ಏನು ಬಳಿದರೂ ಒಳಗೆ ಕೊಳೆಯುತ್ತೆ.

ಇಳಿಸುವ ಹಗ್ಗ ಸರಿಯಾದ್ದು ಸಿಗಲು ಜಾಸ್ತಿ ಹೊತ್ತು ಹಿಡಿಯಿತು. ಪೇಟೆಯಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗ ಬುಡಕ್ಕೆ ಸುತ್ತಿ ಭಾರ ಬಿಟ್ಟರೆ ಬಿಸಿಯಾಗಿ ಕರಗುತ್ತೆ. ಕೈಗೆ ಗಾಜಿನ ಹಾಗೆ ನಯವಾಗಿ ಸಿಕ್ಕಿತೋ, ಅಲ್ಲಿಗೆ ಆ ಹಗ್ಗ ಮುಗಿಯಿತು. ಸಣಬು ಒದ್ದೆಯಾದರೆ ಕೈಗೇ ಬಗ್ಗಲ್ಲ. ಕೊನೆಗೆ ಮಂಗಳೂರು ಬಂದರಿನ ಅಂಗಡಿಯಲ್ಲಿ 16 ಎಂಎಂ ಪಾಲಿಯೆಸ್ಟರ್ ಹೆಣಿಗೆ ಹಗ್ಗ ಸಿಕ್ಕಿತು, ಐದಾರು ಸಾವಿರಕ್ಕೆ. ನನ್ನ ಕಸುಬು ನಿಂತದ್ದು ಆ ಹಗ್ಗದ ಮೇಲೆ.

ಹೆಸರು ತಂದುಕೊಟ್ಟ ಮರ ಒಂದು ಸಿಲ್ವರ್ (ಸಿಲ್ವರ್ ಓಕ್). 70 ಅಡಿ ಮೇಲೇ ಇತ್ತು. ಗಾಳಿಗೆ ಕವಲು ಸೀಳಿ ಲೈನ್ ಮನೆ ಮೇಲೆ ವಾಲಿತ್ತು. ಕೆಳಗೆ ಒಂದು ಕಡೆ ಮಂಗಳೂರು ಹೆಂಚು, ಇನ್ನೊಂದು ಕಡೆ ಫಸಲು ತುಂಬಿದ ರೋಬಸ್ಟಾ. ಬೇರೆಯವರು ಐದು ಸಾವಿರ ಕೇಳಿದ್ದರು, ಹೆಂಚು ಒಡೆದರೆ ನಾವು ಜವಾಬ್ದಾರರಲ್ಲ ಅಂತ. ನಾನು 14 ಸಾವಿರ ಕೇಳಿದೆ. "ಜಾಸ್ತಿ ಆಯ್ತಲ್ಲಪ್ಪಾ" ಅಂದರು ತೋಟದ ಗೌಡ್ರು. "ಹೆಂಚು ಒಡೆದರೆ ಮನೆ ನಾನೇ ಹೊದೆಸಿಕೊಡ್ತೀನಿ ಗೌಡ್ರೇ. ಮುರಿದ ಕಾಫಿ ಗಿಡದ ಲೆಕ್ಕವೂ ನನ್ನ ದುಡ್ಡಲ್ಲೇ ಹಿಡ್ಕೊಳ್ಳಿ" ಅಂದೆ. ಒಪ್ಪಿದರು. ಮರಗಸಿಯವರು ನೋಡೋಕೆ ಬಂದು ಕಣದಲ್ಲಿ ಕೂತರು.

ಸೀಳಿದ ಜಾಗಕ್ಕೆ ಮೊದಲು ಬೆಲ್ಟ್ ಹಾಕಿ ಬಿಗಿದೆ. ರಾಟೆ ಕಟ್ಟಿದ್ದು ಅದಕ್ಕಿಂತ ಕೆಳಗೆ, ಗಟ್ಟಿ ಜಾಗದಲ್ಲಿ. ಇಳಿಸುವ ಹಗ್ಗ ರಾಟೆಯಿಂದ ಕೆಳಗೆ ಬಂದು ಬುಡಕ್ಕೆ ಮೂರು ಸುತ್ತು, ತುದಿ ಕೆಳಗಿನ ಹುಡುಗನ ಕೈಯಲ್ಲಿ. ಕೊಂಬೆಯ ತುದಿಗೆ ಇನ್ನೊಂದು ಸಣ್ಣ ಹಗ್ಗ, ಮನೆಯಿಂದ ಆಚೆ ಎಳೆಯೋಕೆ. ಮುಂದೆ ಕಚ್ಚು ಹಾಕಿ ಹಿಂದಿನಿಂದ ಕೊಯ್ದೆ. ಇಲ್ಲೇ ಎಲ್ಲರೂ ಎಡವುತ್ತಾರೆ. ತುಂಡು ಮುರಿದ ತಕ್ಷಣ ಕೆಳಗಿನವನು ಭಯಕ್ಕೆ ಹಗ್ಗ ಬಿಗಿಹಿಡಿಯುತ್ತಾನೆ. ಅಡಿ ದಪ್ಪ, ಮೂರಡಿ ಉದ್ದದ ಹಸಿ ತುಂಡು 60 ಕೆಜಿ ತೂಗುತ್ತೆ. ಅದು ಗಕ್ಕನೆ ನಿಂತರೆ ಹಗ್ಗಕ್ಕೆ ಬೀಳುವ ಏಟು ಅದರ ಎಷ್ಟೋ ಪಟ್ಟು. ಮರ ಮೇಲಿರುವ ನನ್ನ ಸಮೇತ ಅಲ್ಲಾಡುತ್ತೆ. ಹಾಗಾಗಿ ಹಗ್ಗ ಓಡೋಕೆ ಬಿಡಬೇಕು, ಓಡುತ್ತಾ ಓಡುತ್ತಾ ನಿಧಾನ ಮಾಡಬೇಕು. ಈ ಒಂದು ವಿದ್ಯೆಗಾಗಿ ನನ್ನ ಹುಡುಗನಿಗೆ ಸುಮ್ನೆ ಕಾಡಂಚಿನಲ್ಲಿ ಒಂದು ತಿಂಗಳು ದಿಮ್ಮಿ ಇಳಿಸುವ ಅಭ್ಯಾಸ ಕೊಟ್ಟಿದ್ದೆ. ಸಂಬಳ ಕೊಟ್ಟೇ.

ಒಂದೂವರೆ ದಿನ ಹಿಡಿಯಿತು. ಒಂದು ಹೆಂಚೂ ಅಲ್ಲಾಡಲಿಲ್ಲ. ಕಾಫಿಯಲ್ಲಿ ಒಂದೆರಡು ರೆಕ್ಕೆ (ಅಡ್ಡ ಕೊಂಬೆ) ಮುರಿದಿರಬಹುದು, ಗೌಡ್ರು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕಣದಲ್ಲಿ ಕೂತಿದ್ದವರಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ಬುಡದ ಸುತ್ತು ಮುಟ್ಟಿ ನೋಡಿದರು. ಅವರ ಮಗ ಈಗ ನನ್ನ ಜೊತೆಗಿದ್ದಾನೆ.

ನಯವಾದ ಸಿಲ್ವರ್ ಬೊಡ್ಡೆಯಲ್ಲಿ ರಾಟೆಯ ಕಟ್ಟು ಜಾರದ ಹಾಗೆ ನಾನು ಒಂದು ಉಪಾಯ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಜೊತೆಗೆ ಬಂದು ಕೆಲಸ ಮಾಡುವವರಿಗೆ ತೋರಿಸುತ್ತೇನೆ. ರೇಟು ಹೇಳುವ ಲೆಕ್ಕವೂ ಹಾಗೇ. ಇಷ್ಟು ಹೇಳಬಲ್ಲೆ, ಮರದ ದಪ್ಪ ನೋಡಿ ರೇಟು ಹೇಳಬೇಡಿ, ಮರದ ಕೆಳಗೆ ಏನಿದೆ ನೋಡಿ.

ಎಲ್ಲ ಮರಕ್ಕೂ ಹಗ್ಗ ಅಂತ ನಾನು ಹೇಳಲ್ಲ. ನೆರಳು ಬಿಡಿಸಲು ಎಕರೆಗಟ್ಟಲೆ ಹಾಲವಾಣ, ಸಿಲ್ವರ್ ಕೊಂಬೆ ತೆಗೆಯಬೇಕಾದರೆ ಏಣಿಯವರೇ ಬೇಗ, ಅವರೇ ಅಗ್ಗ. ನಾನು ಅಲ್ಲಿ ಪೈಪೋಟಿಗೆ ಇಳಿದ ತಿಂಗಳು ಕೈಯಿಂದಲೇ ದುಡ್ಡು ಹೋಯಿತು. ಬೆಂಗಳೂರಿನಲ್ಲೂ ನೋಡಿದೆ. ಒಂದು ಅಪಾರ್ಟ್‌ಮೆಂಟಿನ ಮಳೆಮರದ ಒಣ ಕೊಂಬೆ ತೆಗೆದು 30 ಸಾವಿರ ಬಂತು. ಸೊಪ್ಪು, ಕಟ್ಟಿಗೆ ಸಾಗಿಸುವ ಗಾಡಿ ಬಾಡಿಗೆಗೇ ಅರ್ಧ ಹೋಯ್ತು. ಇಲ್ಲಿ ಸೌದೆ ಮನೆಗೆ ಆಗುತ್ತೆ, ಸಿಲ್ವರ್ ದಿಮ್ಮಿ ಪ್ಲೈವುಡ್‌ಗೆ ಹೋಗುತ್ತೆ, ಸಾಗಿಸುವ ಚಿಂತೆ ತೋಟದವರದ್ದು. ನಾನು ಇಲ್ಲೇ ನಿಂತೆ.

ಕಾಗದದ ವಿಷಯದಲ್ಲಿ ಅವಸರ ಬೇಡ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್‌ಗೆ ವಿನಾಯ್ತಿ ಇದೆ. ಬೀಟೆ, ಹೊನ್ನೆ ಅಂದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಕಣ್ಣಲ್ಲಿ ನೋಡದೆ ಹಗ್ಗವನ್ನೂ ಎಸೆಯಲ್ಲ. ಕರೆಂಟ್ ತಂತಿ ಹತ್ತಿರ ಇದ್ದರೆ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ ಅನ್ನುವ ಒಪ್ಪಿಗೆ) ತಗೊಂಡು ಎದುರಿಗೆ ನಿಂತು "ಆಯ್ತು" ಅನ್ನಬೇಕು. ಫೋನಿನಲ್ಲಿ ಹೇಳಿದ್ದು ನಡೆಯಲ್ಲ. ಹತ್ತುವ ಮೊದಲು ದುರ್ಬೀನಿನಲ್ಲಿ ಹೆಜ್ಜೇನು, ಕಣಜ ನೋಡಲೇಬೇಕು. ಚಗಳಿ ಇರುವೆ ಮೈತುಂಬ ಹತ್ತಿದರೂ ತಡೆಯಬಹುದು, ಹೆಜ್ಜೇನು ಎದ್ದರೆ 50 ಅಡಿ ಮೇಲಿಂದ ಓಡಿಹೋಗೋಕೆ ಜಾಗ ಇಲ್ಲ.

ವಿಮೆ ನನ್ನ ದೊಡ್ಡ ಸಂಕಟ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಇದೆ. ನಾವು ಅದರೊಳಗೆ ಬರಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾದಲ್ಲಿ ಎರಡು ಲಕ್ಷ ಇದೆ, ಹುಡುಗರಿಬ್ಬರಿಗೂ ಮಾಡಿಸಿದ್ದೇನೆ. ಅದರ ಮೇಲೆ ಖಾಸಗಿ ಪಾಲಿಸಿ ಮಾಡಿಸುವಾಗ "ಕೃಷಿ ಕೆಲಸ" ಅಂತ ಬರೆಯಬೇಡಿ, ಎತ್ತರದಲ್ಲಿ ಮರದ ಕೆಲಸ ಅಂತಲೇ ಬರೆಸಿ. ಕಂತು ಜಾಸ್ತಿ ಬರುತ್ತೆ, ಬರಲಿ.

ಶುರು ಮಾಡುವವರು ಡಿಸೆಂಬರ್, ಜನವರಿಯಲ್ಲಿ ಶುರು ಮಾಡಿ. ತೊಗಟೆ ಒಣಗಿರುತ್ತೆ, ಗಾಳಿ ಕಡಿಮೆ, ಆಳುಗಳೆಲ್ಲ ಕಾಫಿ ಕುಯ್ಲಿನಲ್ಲಿ ಇರುವುದರಿಂದ ಬಂದು ತಲೆ ತಿನ್ನುವವರೂ ಕಡಿಮೆ. ಜೂನ್‌ನಿಂದ ಪಾಚಿ ಕಟ್ಟಿದ ಮರ ನಾನು ಹತ್ತಲ್ಲ, ಬಿದ್ದ ಮರ ತೆಗೆಯೋದು ಮಾತ್ರ. ಆ ನಾಲ್ಕು ತಿಂಗಳ ಸಾಲದ ಕಂತನ್ನು ಮೇ ತಿಂಗಳಲ್ಲೇ ಎತ್ತಿಟ್ಟುಬಿಡಿ. ನಾನು ಹಾಗೆ ಮಾಡಿಯೇ ಮೂರು ವರ್ಷದ ಸಾಲ ಎರಡೂವರೆ ವರ್ಷಕ್ಕೆ ತೀರಿಸಿದೆ. ಈಗಿನ ಕಂತು ಪಿಕಪ್‌ನದ್ದು.